ಚಿಕ್ಕಪ್ಪ ಬಿಟ್ಟುಬಿಟ್ಟ ವರ್ಷ

ಹೋದ ಅಕ್ಟೋಬರಿನಲ್ಲಿ ಕಚೇರಿ ಕೆಲಸಕ್ಕೆಂದು ದೆಹಲಿಗೆ ಹೋದವಳು, ಒಂದು ಸಂಜೆ ಬಿಡುವು ಸಿಕ್ಕಿತೆಂದು ಜನಕಪುರಿಯ ಕಡೆ ಹೋದೆ. ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯುವಾಗಲೇ ಸಪ್ತಪರ್ಣಿ ಹೂವಿನ ವಾಸನೆ ಮುಖಕ್ಕೆ ಬಡಿಯಿತು. ನಮ್ಮ ಕಡೆ ಹಾಲೆ ಮರ ಎನ್ನುವ ಅದನ್ನು ಆ ಊರಿನ ರಸ್ತೆಗಳ ಎರಡೂ ಬದಿಗೆ ನೆಟ್ಟಿದ್ದಾರೆ. ವರ್ಷವೆಲ್ಲ ಸುಮ್ಮನಿದ್ದು ಚಳಿಗೆ ಮುಂಚೆ ಒಮ್ಮೆಲೇ ಹೂಬಿಡುತ್ತದೆ. ಕೆಲವರಿಗೆ ಅದು ಹಬ್ಬದ ವಾಸನೆ, ಕೆಲವರಿಗೆ ತಲೆನೋವು. ನನಗೆ ಆಸ್ಪತ್ರೆಯ ವಾಸನೆ. ಎರಡು ಸಾವಿರದ ಆರರಲ್ಲಿ ನಮ್ಮ ಚಿಕ್ಕಪ್ಪ ಮಲಗಿದ್ದ ವಾರ್ಡಿನ ಕಿಟಕಿಯ ಹೊರಗೆ ಅಂಥದೊಂದು ಮರವಿತ್ತು. ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬರುತ್ತಿತ್ತು.

ಚಿಕ್ಕಪ್ಪ, ಚಿಕ್ಕಮ್ಮ, ನಮ್ಮಪ್ಪ, ಮೂವರೂ ಈಗ ಇಲ್ಲ. ಅವರಲ್ಲಿ ಒಬ್ಬರು ಇದ್ದಿದ್ದರೂ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ನಾನು ಚಿತ್ರದುರ್ಗದಿಂದ ದೆಹಲಿಗೆ ಹೋದೆ. ಕನಾಟ್ ಪ್ಲೇಸಿನ ಹತ್ತಿರ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಹೆಣ್ಣುಮಗಳು ಒಬ್ಬಳೇ ಬಾಡಿಗೆ ರೂಮಿನಲ್ಲಿರುವುದು ಅಪ್ಪನಿಗೆ ಇಷ್ಟವಿರಲಿಲ್ಲ. "ಶೀನು ಇದ್ದಾನಲ್ಲ, ಅವನ ಮನೆಯಲ್ಲಿರು" ಎಂದರು. ಶೀನು ಎಂದರೆ ಅಪ್ಪನ ತಮ್ಮ ಶ್ರೀನಿವಾಸಮೂರ್ತಿ. ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸ್ಟೆನೊ ಆಗಿ ಸೇರಿ, ಸ್ಟೆನೊ ಆಗಿಯೇ ಹೆಚ್ಚುಕಡಿಮೆ ನಿವೃತ್ತರಾದವರು. ಲೋಧಿ ಕಾಲೋನಿ, ಆರ್.ಕೆ. ಪುರಂ ಎಂದು ಸರ್ಕಾರಿ ಕ್ವಾರ್ಟರ್ಸುಗಳಲ್ಲೇ ಜೀವಮಾನ ಕಳೆದು, ಕೊನೆಗೆ ಜನಕಪುರಿಯಲ್ಲಿ ಎರಡನೇ ಮಹಡಿಯ ಒಂದು ಸಣ್ಣ ಫ್ಲ್ಯಾಟ್ ಕೊಂಡಿದ್ದರು. ಮನೆಯಲ್ಲಿ ಅವರು, ಚಿಕ್ಕಮ್ಮ ಕಮಲಾ, ಇಬ್ಬರೇ. ಅವರಿಗೆ ಮಂಗಳಾ ಎಂಬ ಮಗಳಿದ್ದಳೆಂದೂ, ಐದು ವರ್ಷದವಳಾಗಿದ್ದಾಗ ಗಂಟಲುಮಾರಿ ಬಂದು ತೀರಿಕೊಂಡಳೆಂದೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ನಮ್ಮಜ್ಜಿಯ ಬಳಿ ಸಿದ್ಧ ಉತ್ತರವಿತ್ತು. "ದಿಲ್ಲಿಗೆ ಹೋದ ಮೇಲೆ ಅವಳಿಗೆ ಮೈ ಕೆಡುತ್ತೆ ಅನ್ನೋ ಚಿಂತೆ ಹತ್ತಿಕೊಂಡಿತು. ಇದ್ದ ಒಂದನ್ನ ದೇವರು ಕರ್ಕೊಂಡ. ಆಮೇಲೂ ಇನ್ನೊಂದು ಬೇಡ ಅಂದಳು." ಮದುವೆ ಮುಂಜಿಗಳಿಗೆ ಚಿಕ್ಕಮ್ಮ ಊರಿಗೆ ಬಂದಾಗ ಈ ಮಾತು ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಬರುತ್ತಿತ್ತು. ಅವರು ತಲೆ ಬಗ್ಗಿಸಿ ಹೂ ಕಟ್ಟುತ್ತಲೋ ತರಕಾರಿ ಹೆಚ್ಚುತ್ತಲೋ ಇರುತ್ತಿದ್ದರು.

ನಾನು ಹೋದಾಗ ಮಂಜು ಎಷ್ಟಿತ್ತೆಂದರೆ ಆಟೊದವನು ಎರಡು ಸಲ ದಾರಿ ತಪ್ಪಿ, ಗೇಟಿನ ಮುಂದೆ ನಿಂತೇ "ಯಹಾಂ ತೋ ಕುಛ್ ನಹೀಂ ಹೈ, ಮೇಡಂ", ಇಲ್ಲೇನೂ ಇಲ್ಲ ಎಂದ. ಮಂಜಿನೊಳಗಿಂದ ಮಂಕಿ ಟೋಪಿ, ಶಾಲು ಹೊದ್ದ ಒಬ್ಬ ತೆಳ್ಳನೆಯ ಮನುಷ್ಯ ಟಾರ್ಚ್ ಹಿಡಿದು ಬಂದರು. "ಬಾರಮ್ಮ ವಸುಧಾ. ಚಲೋ, ಮೇಲೆ ಹೋಗೋಣ, ಚಿಕ್ಕಮ್ಮ ಕಾಫಿ ಇಟ್ಟಿದ್ದಾಳೆ" ಎಂದು ನನ್ನ ಪೆಟ್ಟಿಗೆಗೆ ಕೈ ಹಾಕಿದರು. ಒಂದು ಮಹಡಿ ಹತ್ತುವಷ್ಟರಲ್ಲಿ ಪೆಟ್ಟಿಗೆ ಕೆಳಗಿಟ್ಟು, ಸೊಂಟದ ಕೆಳಗೆ ಕೈಯೊತ್ತಿ ನಿಂತರು. ಚಳಿಗೆ ಹಿಡಿದುಕೊಂಡಿರಬೇಕು ಎಂದುಕೊಂಡೆ.

ಬೆಳಿಗ್ಗೆ ಹಾಲಿನ ಬೂತಿಗೆ ಹೋಗುವಾಗ ನಾನು ಅವರ ಜೊತೆ ಹೋಗುತ್ತಿದ್ದೆ. ಆ ಹೊತ್ತು ಅವರು ಮಾತಿನ ಮಲ್ಲರು. ಚಲೇಜಾವ್ ಚಳವಳಿಯ ವರ್ಷ ಹುಟ್ಟಿದವರು. ಮೊದಲ ಪ್ರಧಾನಿ ತೀರಿಕೊಂಡ ಬೇಸಿಗೆಯಲ್ಲಿ, ಕೈಯಲ್ಲಿ ಒಂದು ಹೋಲ್ಡಾಲು ಹಿಡಿದು ದೆಹಲಿಯಲ್ಲಿ ಇಳಿದಿದ್ದರು. ಮರುವರ್ಷ ಯುದ್ಧ. ಕರೋಲ್ ಬಾಗಿನ ರೂಮಿನಲ್ಲಿ ನಮ್ಮ ಕಡೆಯ ಬ್ರಹ್ಮಚಾರಿಗಳೆಲ್ಲ ಸೇರಿ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದು, ಅದಕ್ಕೆ ಮೈದಾ ಗಂಜಿ ಕಾಯಿಸಿದ್ದು ತಾವೇ ಎಂದು ಹೇಳುತ್ತಿದ್ದರು. ಬಾಂಗ್ಲಾ ಯುದ್ಧ ಗೆದ್ದ ಸಂಜೆ ಆಫೀಸಿನ ಜಾಯಿಂಟ್ ಸೆಕ್ರೆಟರಿ ತಾನೇ ಲಡ್ಡು ಹಂಚಿದ್ದ. ಮರುವರ್ಷ ಮದುವೆ. ಚಿಕ್ಕಮ್ಮ ರೈಲಿನಲ್ಲಿ ಎರಡು ದಿನ ಅತ್ತುಕೊಂಡೇ ಬಂದಿದ್ದರಂತೆ. ಆಮೇಲೆ ಸರ್ಕಾರ ಬಿದ್ದದ್ದು, ರಸ್ತೆಯಲ್ಲಿ ಜನ ಕುಣಿದದ್ದು. ಏಷ್ಯನ್ ಕ್ರೀಡೆಗಳಿಗೆ ಮೇಲ್ಸೇತುವೆಗಳು ಎದ್ದದ್ದು, ಪಕ್ಕದ ಮನೆಗೆ ಕಲರ್ ಟಿ.ವಿ. ಬಂದದ್ದು, ಎಂಬತ್ನಾಲ್ಕರಲ್ಲಿ ಟೆರೇಸಿಗೆ ಹತ್ತಿ ಸುತ್ತಲೂ ಸಿಖ್ಖರ ಮನೆಗಳಿಂದ ಹೊಗೆ ಏಳುವುದನ್ನು ನೋಡಿದ್ದು. ಇದನ್ನು ಹೇಳುವಾಗ ದನಿ ತಗ್ಗುತ್ತಿತ್ತು.

ದೇಶದ ಕಥೆಯನ್ನು ತಮ್ಮ ಮನೆಯ ಕಥೆಯೆನ್ನುವಂತೆ ಹೇಳುತ್ತಿದ್ದ ಆ ಮನುಷ್ಯ, ಎಪ್ಪತ್ತೈದಕ್ಕೆ ಬಂದ ಕೂಡಲೇ ಎಪ್ಪತ್ತೇಳಕ್ಕೆ ಹಾರಿಬಿಡುತ್ತಿದ್ದರು. ಒಮ್ಮೆ ನಾನೇ ಕೇಳಿದೆ.

"ಚಿಕ್ಕಪ್ಪ, ಎಮರ್ಜೆನ್ಸಿಯಲ್ಲಿ ನೀವೆಲ್ಲಿದ್ದಿರಿ?"

"ಇಲ್ಲೇ. ಲೋಧಿ ಕಾಲೋನಿಯಲ್ಲಿ."

"ಹೇಗಿತ್ತು ಆಗ?"

"ಬಸ್ಸು ಸರಿಯಾದ ಟೈಮಿಗೆ ಬರ್ತಿತ್ತು" ಎಂದರು. ಹಾಲಿನ ಬೂತಿನ ಕಡೆ ಬೇಗ ಬೇಗ ಹೆಜ್ಜೆ ಹಾಕಿದರು.

ಬೇಸಿಗೆ ಬಂತು. ಊರಿನಲ್ಲೆಲ್ಲ ಸೀಲಿಂಗ್ ಗಲಾಟೆ. ಮನೆಗಳಲ್ಲಿ ನಡೆಸುತ್ತಿದ್ದ ಅಂಗಡಿಗಳಿಗೆ ನಗರಪಾಲಿಕೆಯವರು ಬೀಗ ಜಡಿದು ಅರಗು ಹಾಕುತ್ತಿದ್ದರು. ನಮ್ಮ ಕೆಳಗಿನ ಮನೆಯ ಅರೋರಾ ಅವರ ಹೆಂಡತಿ ನಡೆಸುತ್ತಿದ್ದ ಹೊಲಿಗೆ ಅಂಗಡಿಯೂ ಹೋಯಿತು. ಅರೋರಾ ಮೆಟ್ಟಿಲ ಮೇಲೆ ಕೂತು ಸರ್ಕಾರವನ್ನು ಬೈಯುತ್ತಿದ್ದರೆ, ಚಿಕ್ಕಪ್ಪ ಪಕ್ಕದಲ್ಲಿ ಕೂತು "ಅಚ್ಛಾ, ಅಚ್ಛಾ" ಎನ್ನುತ್ತಿದ್ದರು. ಒಂದು ದಿನ ಕೂಲರಿಗೆ ನೀರು ತುಂಬಲು ಬಕೆಟ್ ಎತ್ತಿದವರು ಅಲ್ಲೇ ಬಾಲ್ಕನಿಯ ನೆಲದ ಮೇಲೆ ಕುಸಿದು ಕೂತರು. ಮುಖ ಬೆವತು ಬಿಳಚಿಕೊಂಡಿತ್ತು. ನಾನು ಹತ್ತಿರ ಹೋದರೆ "ಏನಿಲ್ಲ, ಏನಿಲ್ಲ" ಎಂದು ಕೈಬೀಸಿ ದೂರ ಕಳಿಸಿದರು. ಮಾರನೆಯ ದಿನ ಬಟ್ಟೆ ತೆಗೆಯುವಾಗ ಹಗ್ಗದ ಮೇಲೆ ಒಂದು ಟವೆಲಿನ ಅಡಿ ಅಗಲವಾದ ಪಟ್ಟಿ ಒಣಗುತ್ತಿದ್ದುದು ಕಂಡಿತು. ಹರ್ನಿಯಾಕ್ಕೆ ಕಟ್ಟಿಕೊಳ್ಳುವ ಬೆಲ್ಟು. ಎಲಾಸ್ಟಿಕ್ಕು ಸತ್ತು, ಅಂಚು ಹರಿದು, ಎಷ್ಟೋ ಸಲ ಹೊಲಿದಿತ್ತು. ಚಿಕ್ಕಮ್ಮ ಬಂದು ಅದನ್ನು ನನ್ನ ಕೈಯಿಂದ ಮೆತ್ತಗೆ ತೆಗೆದುಕೊಂಡರು.

"ಎಷ್ಟು ವರ್ಷದಿಂದ ಚಿಕ್ಕಮ್ಮ?"

"ರಿಟೈರ್ ಆಗೋಕೆ ಮುಂಚೆಯಿಂದ."

"ಅಷ್ಟು ದಿನದಿಂದ ಯಾರೂ ಡಾಕ್ಟರಿಗೆ ತೋರಿಸಿಲ್ವಾ?"

"ತೋರಿಸಿದ್ದೀವಿ. ಡಿಸ್ಪೆನ್ಸರಿ ಡಾಕ್ಟರು, ಸಣ್ಣ ಆಪರೇಷನ್ನು, ಎರಡೇ ದಿನ, ಮಾಡಿಸ್ಕೊಳ್ಳಿ ಅಂತ ಹೇಳಿ ಹೇಳಿ ಸುಸ್ತಾದರು. ಇವರು ಬೇರೆ ಡಾಕ್ಟರು ಬರೋ ತನಕ ಡಿಸ್ಪೆನ್ಸರಿಗೇ ಹೋಗೋದು ಬಿಟ್ಟರು."

ನನಗೆ ಸಿಟ್ಟು ಬಂತು. ಓದಿದ ಮನುಷ್ಯ, ಪೆನ್ಷನ್ ಜೊತೆಗೆ ಪುಕ್ಕಟೆ ಚಿಕಿತ್ಸೆ ಇರುವವರು. ಮುಂದಿನ ಭಾನುವಾರ ನಾನೇ ಎಳೆದುಕೊಂಡು ಹೋಗುತ್ತೇನೆ ಎಂದೆ. ಚಿಕ್ಕಮ್ಮ ಬೆಲ್ಟನ್ನು ಮಡಿಸಿ ಒಳಗೆ ಒಯ್ದರು. ಆ ಭಾನುವಾರ ಮಳೆ ಬಂತು. ಧಗೆ ಮಾತ್ರ ಹೆಚ್ಚಾಯಿತು. ಊಟವಾದ ಮೇಲೆ ಚಿಕ್ಕಪ್ಪ ಕೆಳಗೆ ಅರೋರಾ ಮನೆಗೆ ಹೋಗಿದ್ದರು. ಚಿಕ್ಕಮ್ಮ ಮೊರದಲ್ಲಿ ಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತ, ತಲೆಯೆತ್ತದೆ ಹೇಳಿದರು:

"ಅವರನ್ನ ಎಳ್ಕೊಂಡು ಹೋಗ್ಬೇಡ ಕಣೇ. ಒಂದು ಸಲ ಎಳ್ಕೊಂಡು ಹೋಗಿದ್ದಾರೆ."

"ಯಾರು?"

"ಯಾರು ಅಂತ ಹೇಳಲಿ. ಅವರೇ ನಡ್ಕೊಂಡು ಹೋದರು ಅಂತಾನೂ ಹೇಳಬಹುದು. ಎಮರ್ಜೆನ್ಸೀಲಿ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಬಿಟ್ಟರು."

ಬೇಳೆಯ ಮೇಲೆ ಓಡಾಡುತ್ತಿದ್ದ ಅವರ ಬೆರಳು ನಿಲ್ಲಲಿಲ್ಲ. ಅವತ್ತು ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಎಪ್ಪತ್ತಾರರ ಬೇಸಿಗೆಯಲ್ಲಿ ಚಿಕ್ಕಪ್ಪನ ಆಫೀಸಿನಲ್ಲಿ ಗುಮಾಸ್ತರನ್ನೆಲ್ಲ ಒಬ್ಬೊಬ್ಬರನ್ನಾಗಿ ಸಾಹೇಬರ ರೂಮಿಗೆ ಕರೆದರು. ಪ್ರತಿಯೊಬ್ಬರೂ ಆಪರೇಷನ್ನಿಗೆ ಇಬ್ಬರನ್ನು ಒಪ್ಪಿಸಿ ಕರೆತರಬೇಕು. ಅದಕ್ಕೆ "ಕೇಸ್" ಎನ್ನುತ್ತಿದ್ದರು. ತರದಿದ್ದರೆ ಸಂಬಳ ನಿಲ್ಲುತ್ತದೆ, ಕ್ವಾರ್ಟರ್ಸ್ ಹೋಗುತ್ತದೆ. ಇಲ್ಲವೇ ತಾವೇ ಮಾಡಿಸಿಕೊಂಡ ಸರ್ಟಿಫಿಕೇಟು ತರಬೇಕು. ಮಂಗಳಾಗೆ ಆಗ ಎರಡು ವರ್ಷ. ಚಿಕ್ಕಪ್ಪನಿಗೆ ಆ ಊರಿನಲ್ಲಿ ಗುರುತಿದ್ದವರೆಂದರೆ ತಮ್ಮಂಥ ಗುಮಾಸ್ತರು, ಅವರಿಗೂ ಅದೇ ಪಾಡು. ಉಳಿದವನು ಲೋಧಿ ಕಾಲೋನಿಯ ಅವರ ಓಣಿಯಲ್ಲಿ ನೇರಳೆ ಮರದಡಿ ಇಸ್ತ್ರಿ ಮಾಡುತ್ತಿದ್ದ ಛೋಟೇಲಾಲ್. ಯಾರೋ ಸಹೋದ್ಯೋಗಿ, "ಬಡವ, ಒಂದು ಡಬ್ಬಿ ತುಪ್ಪ ಕೊಡ್ತಾರೆ ಅಂದ್ರೆ ಬರ್ತಾನೆ, ಮಾತಾಡು" ಎಂದನಂತೆ. ಒಂದು ಸಂಜೆ ಚಿಕ್ಕಪ್ಪ ಮಾತಾಡಲು ಹೋದರು. ಛೋಟೇಲಾಲನಿಗೆ ಒಂದೇ ಮಗು, ಹೆಣ್ಣು. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನಿಂತುಬಿಟ್ಟ. ಅವನ ಹೆಂಡತಿ ಮಾತ್ರ ಬಂದು ಚಿಕ್ಕಪ್ಪನ ಕಾಲಿಗೆ ಬಿದ್ದಳು. "ಬಾಬೂಜಿ, ಅಭೀ ತೋ ಏಕ್ ಹೀ ಹೈ" ಎಂದು ಅಳತೊಡಗಿದಳು. ಒಂದೇ ಇದೆ, ಬಾಬೂಜಿ.

ಚಿಕ್ಕಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ದಿನದಂತೆ ಡಬ್ಬಿ ಹಿಡಿದು ಆಫೀಸಿಗೆ ಹೋದರು. ಮಧ್ಯಾಹ್ನ ಆಟೊದಲ್ಲಿ ಬಂದಿಳಿದರು. ಆಟೊದಲ್ಲಿ ಬರುವ ಮನುಷ್ಯರೇ ಅಲ್ಲ ಅವರು. ಕಾಲು ಅಗಲಿಸಿಕೊಂಡು, ಗೋಡೆ ಹಿಡಿದು ಒಳಗೆ ಬಂದರು. ಇನ್ನೊಂದು ಕೈಯಲ್ಲಿ ತುಪ್ಪದ ಡಬ್ಬಿ.

"ಏನಿದು ಅಂದೆ. ಹೇಳಿದರು. ಒಂದು ಟೆಂಟಿನಲ್ಲಿ ಸಾಲಾಗಿ ನಿಲ್ಲಿಸಿದ್ದರಂತೆ. ಟೇಬಲ್ಲಿನ ಮೇಲೆ ಹಿಂದಿನವನ ರಕ್ತ ಹಾಗೇ ಇತ್ತಂತೆ. ಎರಡು ಕೇಸಿಗೆ ಬದಲು ನನ್ನದೊಂದು ತಗೊಳ್ಳಿ ಅಂತ ಒಪ್ಪಿಸಿದೆ, ಛೋಟೇಲಾಲನ ಹೆಸರು ಕೊಡಲಿಲ್ಲ ಅಂದರು. ನಾನು ಏನು ಮಾಡಿದೆ ಗೊತ್ತಾ? ಸಮಾಧಾನ ಹೇಳಲಿಲ್ಲ. ಆ ಡಬ್ಬಿ ತಗೊಂಡು ಹೋಗಿ ಮೋರಿಗೆ ಸುರಿದೆ. ಇಸ್ತ್ರಿಯವನ ಮನೆ ಉಳಿಸಿದಿರಿ, ನನ್ನ ಮನೆ? ಅಂತ ಕೇಳಿದೆ. ನನ್ನನ್ನ ಒಂದು ಮಾತು ಕೇಳಬೇಕಿತ್ತು ತಾನೇ?"

ಗಾಯ ಕೀವಾಯಿತು. ತಿಂಗಳುಗಟ್ಟಲೆ ಜ್ವರ. ಆಮೇಲೆ ಮೂರು ವರ್ಷಕ್ಕೆ ಮಂಗಳಾ ಹೋದಳು. ಅಜ್ಜಿ ದೆಹಲಿಗೆ ಬಂದು, ಇನ್ನೊಂದು ಮಗುವಿಗೆ ಹರಕೆ ಹೊರಬೇಕೆಂದಾಗ, ಚಿಕ್ಕಪ್ಪ ಎದ್ದು ಹೊರಗೆ ಹೋದರು. ಅವರ ಮುಖ ನೋಡಿದ ಚಿಕ್ಕಮ್ಮ ತಾವೇ ಬಾಯಿಬಿಟ್ಟರು. "ನನಗೆ ಬೇಡ ಅತ್ತೆ" ಎಂದರು. ನಮ್ಮಜ್ಜಿ ಸಾಯುವ ತನಕ ಆಡಿದ ಮಾತಿಗೆ ಮೂಲ ಅದು.

"ಯಾಕೆ ಚಿಕ್ಕಮ್ಮ, ನಿಮಗೆ ಸಿಟ್ಟಿತ್ತಲ್ಲ ಅವರ ಮೇಲೆ?"

"ಸಿಟ್ಟಿತ್ತು. ಅದು ನನ್ನ ಅವರ ಮಧ್ಯದ್ದು. ಗಂಡಸು ತಾಯಿ ಮುಂದೆ ಹೇಗೆ ಹೇಳ್ತಾನೆ ಇದನ್ನ?"

ಬೇಳೆ ಆರಿಸಿ ಮುಗಿದಿತ್ತು. ಆದರೂ ಅವರು ಮೊರ ಕೆಳಗಿಡಲಿಲ್ಲ.

"ಇನ್ನೊಂದಿದೆ. ಇದು ಅವರಿಗೂ ಗೊತ್ತಿಲ್ಲ. ಆ ಚಳಿಗಾಲದಲ್ಲಿ ಒಂದು ದಿನ ಛೋಟೇಲಾಲನ ಹೆಂಡತಿ ಮನೆಗೆ ಬಂದಳು. ಇವರು ಆಫೀಸಿನಲ್ಲಿದ್ದರು. ಛೋಟೇಲಾಲ್ ಹಬ್ಬಕ್ಕೆ ಅಂತ ಯು.ಪಿ.ಗೆ, ಅವನ ಊರಿಗೆ ಹೋಗುವಾಗ ಪೊಲೀಸರು ಬಸ್ಸು ನಿಲ್ಲಿಸಿ ಗಂಡಸರನ್ನೆಲ್ಲ ಇಳಿಸಿ ಟ್ರಕ್ಕಿಗೆ ಹತ್ತಿಸಿದ್ದರಂತೆ. ಅವನಿಗೂ ಮಾಡಿಬಿಟ್ಟರು. ಅವನು ಮಂಕಾಗಿಬಿಟ್ಟಿದ್ದಾನೆ, ಇಸ್ತ್ರಿ ಹಿಡಿಯಲ್ಲ, ಊರಿಗೇ ಹೋಗಿಬಿಡ್ತೀವಿ ಅಂತ ಹೇಳೋಕೆ ಬಂದಿದ್ದಳು."

ಅವರು ಮೊರವನ್ನು ಒಮ್ಮೆ ತಟ್ಟಿ ಮುಂದುವರಿಸಿದರು.

"ಸಂಜೆ ಇವರು ಬಂದರು. ಮರದ ಕೆಳಗೆ ಯಾರೂ ಇಲ್ಲವಲ್ಲ, ಎಲ್ಲಿ ಹೋದರು ಅಂತ ಕೇಳಿದರು. ಇವರಿಗಿನ್ನೂ ಜ್ವರ ಬಿಟ್ಟು ಬಿಟ್ಟು ಬರ್ತಿತ್ತು. ಕುಳ್ಳಿರಿಸಿ ಹೇಳೋಣ ಅಂತಲೇ ಇದ್ದೆ. ನೋಡಿದಿರಾ, ನಿಮ್ಮ ದೊಡ್ಡಸ್ತಿಕೆ ಯಾರಿಗೂ ಪ್ರಯೋಜನಕ್ಕೆ ಬರಲಿಲ್ಲ ಅನ್ನೋಣ ಅಂತ. ಬಾಯಿಗೆ ಬಂದದ್ದು ಬೇರೆ. 'ಅವಳು ಬಸುರಿ, ಹೆರಿಗೆಗೆ ಊರಿಗೆ ಹೋದರು' ಅಂದೆ. ಅವರ ಮುಖ ನೋಡಬೇಕಿತ್ತು ನೀನು. ಆಪರೇಷನ್ ಆದ ಮೇಲೆ ಮೊದಲನೇ ಸಲ ಹೊಟ್ಟೆ ತುಂಬ ಊಟ ಮಾಡಿದರು. ಆಮೇಲೆ ಎಷ್ಟೋ ವರ್ಷ, ಆ ಓಣಿಯಿಂದ ಯಾರಾದರೂ ಸಿಕ್ಕಿದ್ದರಾ, ಛೋಟೇಲಾಲನ ಸುದ್ದಿ ಏನು ಅಂತ ಕೇಳೋರು. ನಾನೇ ಒಂದು ಗಂಡು ಹುಟ್ಟಿಸಿದೆ, ಇನ್ನೊಂದು ಗಂಡು ಹುಟ್ಟಿಸಿದೆ." ಚಿಕ್ಕಮ್ಮ ನಕ್ಕರೋ ಏನೋ, ಗಂಟಲಿನಲ್ಲಿ ಒಂದು ಸದ್ದಾಯಿತು. "ಮಂಗಳಾ ಹೋದ ಮೇಲೆ ದಿನಾ ಹೇಳಬೇಕು ಅನಿಸ್ತಿತ್ತು ಕಣೇ. ಜಗಳ ಆದಾಗೆಲ್ಲ ಆ ಮಾತು ನಾಲಿಗೆ ತುದಿಗೆ ಬರೋದು. ನುಂಗಿಕೊಂಡೆ."

ಇದು ಗೊತ್ತಾದ ಮೇಲೆ ಚಿಕ್ಕಪ್ಪನನ್ನು ಗದರಿಸುವ ಧೈರ್ಯ ನನಗೆ ಬರಲಿಲ್ಲ. ಆದರೆ ಸುಮ್ಮನಿರಲೂ ಆಗುತ್ತಿರಲಿಲ್ಲ. ನೋವು ಬಂದಾಗ ಅವರು ಬಾತ್‌ರೂಮಿನೊಳಗೆ ಹೋಗಿ, ನರಳಾಟ ಕೇಳಿಸದಂತೆ ನಲ್ಲಿ ಬಿಟ್ಟುಕೊಳ್ಳುತ್ತಿದ್ದುದು ನನಗೆ ಈಗ ತಿಳಿಯುತ್ತಿತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹಾಲು ತರುವ ದಾರಿಯಲ್ಲಿ ಹೇಳಿದೆ.

"ಚಿಕ್ಕಪ್ಪ, ಈಗ ಕಾಲ ಬದಲಾಗಿದೆ. ಒಳ್ಳೇ ಡಾಕ್ಟರು, ಅರಿವಳಿಕೆ ಕೊಡ್ತಾರೆ, ಗೊತ್ತೇ ಆಗಲ್ಲ. ನಾನು ರಜೆ ಹಾಕಿ ಜೊತೆಗಿರ್ತೀನಿ. ಚಿಕ್ಕಮ್ಮನೂ ಇರ್ತಾರೆ."

ಅವರು ಸ್ವಲ್ಪ ದೂರ ನಡೆದರು. "ಚಿಕ್ಕಮ್ಮ ಹೇಳಿದಳಾ?"

"ಹೂಂ."

"ಯಾರ ಹತ್ತಿರಾನೂ ಹೇಳಿರಲಿಲ್ಲ ಅವಳು." ಇನ್ನಷ್ಟು ದೂರ ನಡೆದರು. "ಆ ಟೆಂಟಿನಲ್ಲಿ ನನ್ನ ಹಿಂದೆ ಒಬ್ಬ ಮುದುಕ ಇದ್ದ. ಎಪ್ಪತ್ತು ದಾಟಿದ್ದಿರಬೇಕು. ನನಗೆ ಯಾಕೆ ಸಾಬ್, ನನಗೆ ಯಾಕೆ ಅಂತ ಕೇಳ್ತಾನೇ ಇದ್ದ. ಯಾರೂ ಉತ್ತರ ಕೊಡಲಿಲ್ಲ. ಟೇಬಲ್ ಮೇಲೆ ಮಲಗೋದು ಅಂದ್ರೆ ಅವನ ದನಿ ಕೇಳುತ್ತಮ್ಮ ನನಗೆ."

ಹಾಲು ತೆಗೆದುಕೊಂಡು ವಾಪಸು ಬರುವಾಗ, ಗೇಟಿನ ಹತ್ತಿರ ನಿಂತು, "ಚಲೋ, ಮಾಡಿಸಿಕೊಳ್ಳೋಣ" ಎಂದರು.

ಅದೇ ವಾರ ದೊಡ್ಡ ಆಸ್ಪತ್ರೆಗೆ ಹೋದೆವು. ಆದರೆ ಆ ಹೊತ್ತಿಗೆ ದೆಹಲಿಯಲ್ಲಿ ಡೆಂಗ್ಯೂ ಹರಡಿತ್ತು. ಕಾರಿಡಾರಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬರು, ನೆಲದ ಮೇಲೆ ಚಾದರ ಹಾಸಿ ಮಲಗಿದವರು, ರಕ್ತದ ಪ್ಲೇಟ್ಲೆಟ್ಟಿಗಾಗಿ ಓಡಾಡುವ ಮನೆಯವರು. ಸರ್ಜನ್ ನೋಡಿ, ಆಪರೇಷನ್ ಬೇಕೇ ಬೇಕು, ಆದರೆ ಇವತ್ತಿಗೆ ಅವಸರವಿಲ್ಲ, ಹಾಸಿಗೆಯೂ ಇಲ್ಲ, ದೀಪಾವಳಿ ಕಳೆದು ಬನ್ನಿ, ನೋವು ಜಾಸ್ತಿಯಾದರೆ ಮಾತ್ರ ತಕ್ಷಣ ಬನ್ನಿ ಎಂದರು. ತಪ್ಪೇನೂ ಹೇಳಲಿಲ್ಲ. ಹೊರಗೆ ಬಂದ ಚಿಕ್ಕಪ್ಪ ಸಣ್ಣ ಹುಡುಗನಿಗೆ ಶಾಲೆಗೆ ರಜೆ ಸಿಕ್ಕಿದಂತಿದ್ದರು. ಬಸ್‌ಸ್ಟಾಪಿನಲ್ಲಿ ನನಗೂ ಚಿಕ್ಕಮ್ಮನಿಗೂ ಹುರಿಗಡಲೆ ಕೊಡಿಸಿದರು. "ಭಯ್ಯಾ, ನಿಂಬೂ ಜ್ಯಾದಾ ಡಾಲ್‌ನಾ" ಎಂದು, ನಿಂಬೆರಸ ಜಾಸ್ತಿ ಹಾಕುವಂತೆ ಒತ್ತಾಯ ಬೇರೆ.

ದೀಪಾವಳಿಗೆ ಮೊದಲಿನ ಭಾನುವಾರ ಬೆಳಿಗ್ಗೆ ಅವರು ಹಾಲಿಗೆ ಏಳಲಿಲ್ಲ. ಹಿಂದಿನ ದಿನದಿಂದಲೇ ಹೊಟ್ಟೆ ಕಲ್ಲಿನಂತಾಗಿತ್ತು, ಹೇಳಿರಲಿಲ್ಲ. ನಾವು ನೋಡುವಾಗ ಹಸಿರು ವಾಂತಿ ಮಾಡುತ್ತಿದ್ದರು. ಅರೋರಾ ತಮ್ಮ ಮಾರುತಿ ಕಾರಿನಲ್ಲಿ, ಹಾರ್ನ್ ಮೇಲಿಂದ ಕೈ ತೆಗೆಯದೆ, ಆಸ್ಪತ್ರೆಗೆ ಕರೆದೊಯ್ದರು. ಕರುಳು ಸಿಕ್ಕಿಹಾಕಿಕೊಂಡು ಕಪ್ಪಾಗುತ್ತಿದೆ, ಈಗಲೇ ಕತ್ತರಿಸಬೇಕು ಎಂದರು.

ಆಪರೇಷನ್ನಿಗೆ ಒಯ್ಯುವ ಮುಂಚೆ ಬಟ್ಟೆ ಬದಲಿಸಲು ವಾರ್ಡಿನ ಕೆಲಸದವನು ಬಂದ. ಮೆತ್ತಗಿನ ಮನುಷ್ಯ. "ಅಂಕಲ್‌ಜಿ, ಪಾಯಜಾಮಾ ಉತಾರ್ನಾ ಪಡೇಗಾ" ಎಂದು ಲಾಡಿಗೆ ಕೈ ಹಾಕಿದ. ಅಷ್ಟು ಹೊತ್ತು ಕಣ್ಣು ಮುಚ್ಚಿ ನರಳುತ್ತಿದ್ದ ಚಿಕ್ಕಪ್ಪ ಎದ್ದು ಕೂತು, ಎರಡೂ ಕೈಯಿಂದ ಲಾಡಿ ಹಿಡಿದುಕೊಂಡು ಕೂಗಿದರು. "ಮೇರಾ ಹೋ ಚುಕಾ ಹೈ, ಸಾಬ್! ಮೇರಾ ಹೋ ಚುಕಾ ಹೈ!" ನನ್ನದು ಆಗಿಹೋಗಿದೆ ಸಾಬ್, ನನ್ನದು ಆಗಿಹೋಗಿದೆ. ಜೀವಮಾನವಿಡೀ ಯಾರಿಗೂ ದನಿಯೇರಿಸದ ಮನುಷ್ಯನ ಆ ಕೂಗಿಗೆ ಇಡೀ ವಾರ್ಡು ತಿರುಗಿ ನೋಡಿತು.

ಅಲ್ಲಿದ್ದ ಡಾಕ್ಟರು ನನ್ನ ವಯಸ್ಸಿನವನು. "ಕ್ಯಾ ಹೋ ಚುಕಾ ಹೈ?" ಎಂದು ನನ್ನನ್ನು ಕೇಳಿದ. ಅವನು ಹುಟ್ಟುವ ಮೊದಲಿನ ಸಂಗತಿ. 

ಚಿಕ್ಕಮ್ಮ ಮುಂದೆ ಬಂದರು. ಕೆಲಸದವನನ್ನು ಪಕ್ಕಕ್ಕೆ ಸರಿಸಿ, ಮಂಚದ ಮೇಲೆ ಕೂತು, ಚಿಕ್ಕಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. "ಬಿಡಿ ರೀ. ನಾನಿದ್ದೀನಿ. ಅವತ್ತು ನಾನಿರಲಿಲ್ಲ, ಇವತ್ತು ಇದ್ದೀನಿ. ನಾನೇ ಬಿಚ್ಚುತ್ತೀನಿ. ಬೇರೆ ಯಾರೂ ಮುಟ್ಟಲ್ಲ."

ಚಿಕ್ಕಪ್ಪ ಅವರನ್ನೇ ನೋಡುತ್ತ ಕೈ ಸಡಿಲಿಸಿದರು.

ಕರುಳಿನ ಒಂದು ಭಾಗ ತೆಗೆದರು. ವಿಷ ಆಗಲೇ ಮೈಗೆ ಹರಡಿತ್ತು. ಆದರೂ ನಡುವೆ ಒಂದೆರಡು ದಿನ ಜ್ವರ ಇಳಿದು ಅವರಿಗೆ ಚೆನ್ನಾಗಿ ಎಚ್ಚರವಿತ್ತು. ಹೊರಗೆ ಆ ಮರ ಹೂಬಿಟ್ಟಿತ್ತು. ನರ್ಸುಗಳು ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಒಂದು ಮಧ್ಯಾಹ್ನ ನಾನು ತುಟಿಗೆ ನೀರು ಹಚ್ಚುತ್ತಿದ್ದಾಗ ಅವರೇ ಮಾತು ತೆಗೆದರು.

"ನಾನು ಸ್ಟೆನೊ ಕಣಮ್ಮ. ಸರ್ವೀಸು ಪೂರ್ತಿ ಇನ್ನೊಬ್ಬರು ಹೇಳಿದ್ದನ್ನ ಬರ್ಕೊಂಡೆ. ಎಷ್ಟು ಸರ್ಕಾರ ಬಂತು, ಎಷ್ಟು ಹೋಯಿತು. ಎಲ್ಲರೂ ಹೇಳಿದರು, ನಾನು ಬರೆದೆ. ನಾನೇ ತೀರ್ಮಾನ ಮಾಡಿದ್ದು ಅದೊಂದೇ. ತಪ್ಪೋ ಸರಿಯೋ, ಇವಳಿಗೆ ಅನ್ಯಾಯ ಆಯಿತು. ಗೊತ್ತು ನನಗೆ. ಆದರೆ ಅವತ್ತು ಛೋಟೇಲಾಲನ್ನ ಕರ್ಕೊಂಡು ಹೋಗಿದ್ದಿದ್ದರೆ ನಾನು ಮಂಗಳಾನ ಎತ್ಕೊಳ್ಳೋಕೆ ಆಗ್ತಿರಲಿಲ್ಲ." ಉಸಿರು ಎಳೆದುಕೊಂಡು, ಮಂಚದ ಆ ಬದಿಗೆ ಕೂತಿದ್ದ ಚಿಕ್ಕಮ್ಮನ ಕಡೆ ತಿರುಗಿದರು. "ಕಮಲಾ, ಅವನ ಹುಡುಗರು ಈಗ ಎಷ್ಟು ದೊಡ್ಡವರಾಗಿರಬಹುದು?"

ನಾನು ನೀರಿನ ಲೋಟ ನೋಡುತ್ತ ನಿಂತೆ.

"ದೊಡ್ಡವನಿಗೆ ಮದುವೆ ಆಗಿರುತ್ತೆ ರೀ" ಎಂದರು ಚಿಕ್ಕಮ್ಮ. "ಚಿಕ್ಕವನು ಅವರಪ್ಪನ ಹಾಗೆ ಕಪ್ಪಗೆ, ಎತ್ತರ."

"ನೀನು ನೋಡಿದೀಯಾ?"

"ಹೂಂ. ಒಂದು ಸಲ ಅವಳು ಕರ್ಕೊಂಡು ಬಂದಿದ್ದಳಲ್ಲ, ನೀವು ಆಫೀಸಿಗೆ ಹೋಗಿದ್ದಾಗ. ನಿಮಗೆ ನಮಸ್ಕಾರ ಹೇಳಿ ಅಂದಳು."

ಚಿಕ್ಕಪ್ಪ ಕಣ್ಣು ಮುಚ್ಚಿದರು. "ಅಚ್ಛಾ" ಎಂದರು.

ದೀಪಾವಳಿ ಕಳೆದ ಮೇಲೆ, ಊರಿನ ಮೇಲೆ ಪಟಾಕಿಯ ಹೊಗೆ ಇನ್ನೂ ಕೂತಿದ್ದಾಗ, ಒಂದು ಬೆಳಿಗ್ಗೆ ಅವರು ಹೋದರು. ಚಿಕ್ಕಮ್ಮ ಆಗಷ್ಟೇ ಅವರ ಮುಖ ಒರೆಸಿ, ತಲೆ ಬಾಚಿ ಮುಗಿಸಿದ್ದರು.

ಅಪ್ಪ ಹೊಸದಾಗಿ ಶುರುವಾಗಿದ್ದ ಅಗ್ಗದ ವಿಮಾನದಲ್ಲಿ ಮೊದಲ ಸಲ ಕೂತು ಬಂದರು; ತಮ್ಮನ ಹೆಣದ ಮುಂದೆ ನಿಂತು, ವಿಮಾನದಲ್ಲಿ ತಮಗೆ ಕಿವಿ ನೋಯಿತು ಎಂದು ಎಲ್ಲರಿಗೂ ಹೇಳುತ್ತಲೇ ಇದ್ದರು. ಬೇರೆ ಏನು ಹೇಳಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ. ಅವರೇ ಕೊಳ್ಳಿ ಇಟ್ಟರು. ಕರ್ಮಗಳನ್ನೂ ಅವರೇ ಮಾಡಿದರು. ಅಪ್ಪನಿಗೆ ಆಗ ಎಪ್ಪತ್ತು. ಸ್ನಾನ, ಉಪವಾಸ, ಚಳಿ, ಎಲ್ಲ ಸೇರಿ ಅವರು ಕುಗ್ಗಿಹೋದರು.

ವೈಕುಂಠ ಸಮಾರಾಧನೆಯ ದಿನ ಪುರೋಹಿತರೂ, ಕನ್ನಡ ಬಳಗದ ಕೆಲವರೂ, ಅರೋರಾ ದಂಪತಿಗಳೂ ಊಟ ಮಾಡಿ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದೆವು. ಅಪ್ಪ ಇನ್ನೂ ಉಂಡಿರಲಿಲ್ಲ. ಕುರ್ಚಿಯಲ್ಲಿ ಕೂತು, ಹಾರ ಹಾಕಿದ ಫೋಟೊ ನೋಡುತ್ತ, ಕೆಟ್ಟ ಮನಸ್ಸಿನಿಂದೇನೂ ಅಲ್ಲ, ದಣಿವಿನಿಂದ ಹೇಳಿದರು:

"ದೊಡ್ಡವನು ನಾನು. ತಮ್ಮನಿಗೆ ಪಿಂಡ ಇಡೋ ಹಾಗಾಯಿತು. ಒಂದು ಗಂಡು ಇದ್ದಿದ್ದರೆ... ಅವತ್ತು ಅಮ್ಮ ಅಷ್ಟು ಹೇಳಿದಳು ಕಮಲಾ. ನೀನು ಸ್ವಲ್ಪ ಮನಸ್ಸು ಮಾಡಬಹುದಿತ್ತು."

ಚಿಕ್ಕಮ್ಮ ಎಲೆಗಳನ್ನು ಎತ್ತುತ್ತಿದ್ದವರು ನಿಂತರು. ಈ ಮಾತನ್ನು ಕೇಳಿ ಕೇಳಿ ಅವರ ತಲೆ ಬಗ್ಗುವ ರೀತಿ ನನಗೆ ಗೊತ್ತಿತ್ತು. ಅವತ್ತು ಬಗ್ಗಲಿಲ್ಲ.

"ಭಾವ, ಇವರಿಗೆ ಎಮರ್ಜೆನ್ಸೀಲಿ ಆಪರೇಷನ್ ಮಾಡಿದ್ದರು. ಅದಕ್ಕೆ ಮಕ್ಕಳಾಗಲಿಲ್ಲ. ಅದಕ್ಕೇ ಆಸ್ಪತ್ರೆ ಅಂದ್ರೆ ಹೆದರೋರು. ಅದಕ್ಕೇ ಹೋದರು."

ಅಪ್ಪನ ಬಾಯಿ ತೆರೆದೇ ಇತ್ತು. ಚಿಕ್ಕಮ್ಮ ಆಫೀಸು, ಕೇಸು, ಟೆಂಟು, ಎಲ್ಲವನ್ನೂ ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದರು. ಇಸ್ತ್ರಿಯವನನ್ನು ಕರೆದೊಯ್ಯಲು ಹೋಗಿ ವಾಪಸು ಬಂದು, ತಾವೇ ಹೋಗಿ ಮಲಗಿದ್ದನ್ನೂ ಹೇಳಿದರು.

"ನಮಗ್ಯಾಕೆ ಹೇಳಲಿಲ್ಲ ನೀವು? ಇಷ್ಟು ವರ್ಷ?" ಅಪ್ಪನ ದನಿ ಒಡೆದಿತ್ತು.

"ನೀವೆಲ್ಲ ನನ್ನನ್ನೇ ಕೇಳಿದಿರಿ ಭಾವ. ಅವರನ್ನ ಯಾರೂ ಒಂದು ಸಲ ಕೇಳಲಿಲ್ಲ."

ಅಪ್ಪ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು. "ಆ ಇಸ್ತ್ರಿಯವನು? ಅವನಾದರೂ ಬಚಾವಾದನಾ?"

ಚಿಕ್ಕಮ್ಮ ಒಂದು ಕ್ಷಣ ನನ್ನ ಕಡೆ ನೋಡಿದರು.

"ಆದ" ಎಂದರು. "ಎರಡು ಗಂಡು ಮಕ್ಕಳಾದವು."

"ಪುಣ್ಯಾತ್ಮ ಕಣಮ್ಮ ನನ್ನ ತಮ್ಮ" ಎಂದು ಅಪ್ಪ ಬಿಕ್ಕಿ ಬಿಕ್ಕಿ ಅತ್ತರು. ಅಣ್ಣನಾಗಿ ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಚಿಕ್ಕಮ್ಮ ಅಳು ನಿಲ್ಲುವ ತನಕ ಕಾದು, "ಏಳಿ ಭಾವ, ಕೈ ತೊಳ್ಕೊಳ್ಳಿ, ಎಲೆ ಹಾಕ್ತೀನಿ" ಎಂದರು.

ಅಪ್ಪ ಉಂಡು ಮಲಗಿದ ಮೇಲೆ ನಾವಿಬ್ಬರೂ ಪಾತ್ರೆ ತೊಳೆಯಲು ನಿಂತೆವು. ಅವರು ಉಜ್ಜಿ ಕೊಡುತ್ತಿದ್ದರು, ನಾನು ನೀರಿಗೆ ಹಿಡಿಯುತ್ತಿದ್ದೆ. ತಡೆಯಲಾರದೆ ಕೇಳಿದೆ.

"ಚಿಕ್ಕಪ್ಪ ಇದ್ದಾಗ ಸರಿ. ಈಗಲೂ ಯಾಕೆ ಚಿಕ್ಕಮ್ಮ?"

ಅವರು ಕೈಯಲ್ಲಿದ್ದ ಪಾತ್ರೆಯನ್ನು ಪೂರ್ತಿ ಉಜ್ಜಿ ಮುಗಿಸಿದರು.

"ಅವರಿಂದ ಎಲ್ಲಾನೂ ತಗೊಂಡರು ಕಣೇ" ಎಂದರು. "ಇದೊಂದು ಅವರ ಹೆಸರಿನಲ್ಲಿ ಇರಲಿ."